ಸಾವಿನ ಖರ್ಚಿಗೆ ಎತ್ತಿಟ್ಟ ರೂಬಲ್

ಸೋವಿಯತ್ ಕಾಲದ ರಷ್ಯಾದಲ್ಲಿ ವಯಸ್ಸಾದವರು, ಅದರಲ್ಲೂ ಮುದುಕಿಯರು, ತಮ್ಮ ಅಂತ್ಯಸಂಸ್ಕಾರಕ್ಕೆಂದು ಬೇರೆಯೇ ದುಡ್ಡು ಕೂಡಿಡುತ್ತಿದ್ದರು. ಆ ದುಡ್ಡಿಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ: ‘ಗ್ರಬವೀಯೆ’. ‘ಗ್ರೋಬ್’ ಎಂದರೆ ಶವಪೆಟ್ಟಿಗೆ. ಪೆಟ್ಟಿಗೆಗೆ, ಗುಂಡಿ ತೋಡುವವರಿಗೆ, ಮಣ್ಣು ಮಾಡಿ ಬಂದವರಿಗೆ ಒಂದು ಹೊತ್ತಿನ ಊಟಕ್ಕೆ ಸಾಲುವಷ್ಟು ರೂಬಲ್. ಸತ್ತ ಮೇಲೆ ಮಕ್ಕಳು ಯಾರ ಮುಂದೆಯೂ ಕೈಯೊಡ್ಡುವಂತಾಗಬಾರದು ಎಂಬುದು ಆ ಗಂಟಿನ ಹಿಂದಿದ್ದ ಮರ್ಯಾದೆ. ದುಡ್ಡು ಇರುತ್ತಿದ್ದುದು ಸರ್ಕಾರಿ ಉಳಿತಾಯ ಬ್ಯಾಂಕಿನಲ್ಲಿ. ಜನಸಾಮಾನ್ಯರ ಪಾಲಿಗೆ ದೇಶದಲ್ಲಿದ್ದದ್ದು ಅದೊಂದೇ ಬ್ಯಾಂಕು. ಪಾಸ್‌ಬುಕ್ ಮಾತ್ರ ಮನೆಯ ಕಪಾಟಿನಲ್ಲಿ, ಬಟ್ಟೆಗಳ ಮಡಿಕೆಯ ನಡುವೆ. 1980ರ ದಶಕದ ನಡುವಿನಲ್ಲಿ ಸರಾಸರಿ ತಿಂಗಳ ಸಂಬಳ 200 ರೂಬಲ್ ಆಸುಪಾಸು ಇದ್ದ ಆ ದೇಶದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಸಾವಿರ, ಎರಡು ಸಾವಿರ ರೂಬಲ್ ಕೂಡಿಟ್ಟವಳು ನೆಮ್ಮದಿಯಿಂದ ಕಣ್ಣು ಮುಚ್ಚಬಹುದಿತ್ತು.

1992ರ ಒಂದೇ ವರ್ಷದಲ್ಲಿ ಆ ಗಂಟು ಕರಗಿಹೋಯಿತು. ಸೋವಿಯತ್ ಒಕ್ಕೂಟ ಕುಸಿದ ಮೇಲಿನ ದಶಕದ ಬಗ್ಗೆ ಬರೆಯುವವರು ಒಟ್ಟು ಉತ್ಪನ್ನ, ಹಣದುಬ್ಬರ, ಖಾಸಗೀಕರಣ ಎಂದು ಶುರುಮಾಡುತ್ತಾರೆ. ನಾನು ಈ ಪಾಸ್‌ಬುಕ್ಕಿನಿಂದಲೇ ಶುರುಮಾಡುತ್ತೇನೆ. ಆ ಹತ್ತು ವರ್ಷಗಳಲ್ಲಿ ರಷ್ಯಾದ ಜನರ ಕೈಯಲ್ಲಿದ್ದದ್ದು ಸರ್ಕಾರ ಕೊಟ್ಟ ಒಂದಾದ ಮೇಲೊಂದು ಕಾಗದ: ಪಾಸ್‌ಬುಕ್, ವೋಚರ್, ಸಾಲಪತ್ರ. ಸಂಬಳದ ವಿಷಯಕ್ಕೆ ಬಂದರೆ ಕಾಗದವೂ ಇಲ್ಲ, ಬರೀ ಬಾಯಿಮಾತು. ಒಂದೂ ನಿಲ್ಲಲಿಲ್ಲ.

ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 1962ರ ಜೂನ್‌ನಲ್ಲಿ ಕ್ರುಶ್ಚೇವ್ ಸರ್ಕಾರ ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿಸಿತು. ದಕ್ಷಿಣದ ನೊವೊಚೆರ್ಕಾಸ್ಕ್ ಪಟ್ಟಣದಲ್ಲಿ ರೈಲು ಎಂಜಿನ್ ಕಾರ್ಖಾನೆಯ ಕಾರ್ಮಿಕರು ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಶವಗಳನ್ನು ಗುಟ್ಟಾಗಿ ಬೇರೆ ಬೇರೆ ಊರುಗಳಲ್ಲಿ ಹೂಳಿದರು. ಅಂದು ಹುಟ್ಟಿದ ಭಯ ಕ್ರೆಮ್ಲಿನ್‌ನ ಗೋಡೆಗಳೊಳಗೆ ಮುಂದಿನ ಮೂವತ್ತು ವರ್ಷ ಉಳಿಯಿತು. ಬ್ರೆಡ್ಡು, ಮಾಂಸ, ಹಾಲಿನ ಬೆಲೆ ಮುಟ್ಟುವ ಧೈರ್ಯ ಆಮೇಲೆ ಬಂದ ಯಾರಿಗೂ ಇರಲಿಲ್ಲ. ಸಂಬಳ ಏರುತ್ತಿತ್ತು, ಬೆಲೆ ಏರುತ್ತಿರಲಿಲ್ಲ, ಅಂಗಡಿಗೆ ಬರುವ ಸರಕು ಮಾತ್ರ ಕಡಿಮೆಯಾಗುತ್ತಿತ್ತು. ಕೈಯಲ್ಲಿ ಕಾಸಿದ್ದರೂ ಕೊಳ್ಳಲು ಏನೂ ಇಲ್ಲದವರು ಬ್ಯಾಂಕಿಗೆ ಹಾಕಿದರು. ಉಳಿತಾಯ ಎಂದು ಕಾಣುತ್ತಿದ್ದದ್ದರಲ್ಲಿ ಒಂದು ಪಾಲು ಕೊಳ್ಳಲಾಗದೆ ಉಳಿದ ದುಡ್ಡು.

ಈ ಕಂದಕವನ್ನು ಮುಚ್ಚಿಟ್ಟಿದ್ದು ಸೈಬೀರಿಯಾದ ತೈಲ. ಅದನ್ನು ಮಾರಿ ಬಂದ ಡಾಲರ್‌ನಲ್ಲಿ ಹೊರಗಿನಿಂದ ಗೋಧಿ ತರಿಸಿ ನಗರಗಳ ಹೊಟ್ಟೆ ತುಂಬಿಸುತ್ತಿದ್ದರು. 1986ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ತೈಲದ ಬೆಲೆ ಕುಸಿಯಿತು. ಅದೇ ಹೊತ್ತಿಗೆ ಸೋವಿಯತ್ ನಾಯಕ ಗೋರ್ಬಚೇವ್ ಶುರುಮಾಡಿದ ಮದ್ಯವಿರೋಧಿ ಆಂದೋಲನದಿಂದ ವೋಡ್ಕಾದ ಆದಾಯವೂ ಖಜಾನೆಗೆ ತಪ್ಪಿತು. ಸರ್ಕಾರ ನೋಟು ಅಚ್ಚು ಹಾಕಿ ದಿನ ದೂಡಿತು. ಅಂಗಡಿಯ ಹಲಗೆಗಳು ಖಾಲಿಯಾದವು, ಸಕ್ಕರೆ ಸೋಪಿಗೆಲ್ಲ ಪಡಿತರ ಚೀಟಿ ಬಂತು.

1989ರ ಜುಲೈನಲ್ಲಿ ಪಶ್ಚಿಮ ಸೈಬೀರಿಯಾದ ಕುಜ್ಬಾಸ್ ಕಲ್ಲಿದ್ದಲು ಸೀಮೆಯ ಮೆಜ್ದುರೆಚೆನ್ಸ್ಕ್ ಎಂಬ ಊರಿನಲ್ಲಿ ಗಣಿಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಸೋಪು ಇತ್ತು. ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವನಿಗೆ ಮೈಯ ಮಸಿ ತೊಳೆದುಕೊಳ್ಳಲು ಸೋಪಿಲ್ಲ. ಜಗತ್ತಿನ ಎರಡನೇ ಮಹಾಶಕ್ತಿ ಎನಿಸಿಕೊಂಡ, ಬಾಹ್ಯಾಕಾಶಕ್ಕೆ ಮೊದಲ ಮನುಷ್ಯನನ್ನು ಕಳಿಸಿದ ದೇಶದಲ್ಲಿ. ಮುಷ್ಕರ ಕೆಲವೇ ದಿನಗಳಲ್ಲಿ ಉಕ್ರೇನಿನ ದೊನ್ಬಾಸ್‌ವರೆಗೆ, ಉತ್ತರಧ್ರುವ ವೃತ್ತದಾಚೆಯ ವೊರ್ಕುತಾವರೆಗೆ ಹಬ್ಬಿತು. ಈ ಗಣಿಕಾರ್ಮಿಕರೇ 1991ರ ವಸಂತದಲ್ಲಿ ಮತ್ತೆ ಮುಷ್ಕರ ಹೂಡಿ ರಷ್ಯಾ ಗಣರಾಜ್ಯದ ನಾಯಕ ಬೋರಿಸ್ ಯೆಲ್ಟ್ಸಿನ್ ಬೆನ್ನಿಗೆ ನಿಂತರು. ಇವರನ್ನು ಮತ್ತೆ ಕಾಣಲಿದ್ದೇವೆ.

ಪಾಸ್‌ಬುಕ್ಕಿಗೆ ಮೊದಲ ಏಟು ಬಿದ್ದದ್ದು ಯೆಲ್ಟ್ಸಿನ್ ಕಾಲದಲ್ಲಲ್ಲ, ಗೋರ್ಬಚೇವ್ ಇನ್ನೂ ಅಧಿಕಾರದಲ್ಲಿದ್ದಾಗಲೇ. 1991ರ ಜನವರಿ 22ರ ರಾತ್ರಿ 9 ಗಂಟೆಗೆ ಟಿವಿ ವಾರ್ತೆಯಲ್ಲಿ ಪ್ರಕಟಣೆ ಬಂತು: 50 ಮತ್ತು 100 ರೂಬಲ್ಲಿನ ಹಳೆಯ ನೋಟುಗಳು ನಡುರಾತ್ರಿಯಿಂದ ನಡೆಯುವುದಿಲ್ಲ. ಬದಲಿಸಿಕೊಳ್ಳಲು ಮೂರು ದಿನ, ತಲೆಗೆ 1,000 ರೂಬಲ್ ಮಿತಿ. ಬ್ಯಾಂಕು ಮುಚ್ಚಿದ್ದ ಹೊತ್ತು ನೋಡಿಯೇ ಹೇಳಿದ್ದರು. ಕೆಲವರು ಅದೇ ರಾತ್ರಿ ರೈಲು ನಿಲ್ದಾಣಗಳಿಗೆ ಓಡಿ ದೂರದೂರದ ಊರುಗಳಿಗೆ ಟಿಕೆಟ್ ಕೊಂಡರು, ನಾಳೆ ವಾಪಸು ಮಾಡಿದರೆ ಚಿಕ್ಕ ನೋಟು ಸಿಗಬಹುದೆಂದು. ಪ್ರಧಾನಿ ವಲೆಂತಿನ್ ಪಾವ್ಲೊವ್ ಹೊರಗಿನ ಬ್ಯಾಂಕುಗಳ ಸಂಚನ್ನು ಮುರಿದೆವು ಎಂದರು. ಕಡುಚಳಿಯಲ್ಲಿ ಕ್ಯೂ ನಿಂತಿದ್ದವರಲ್ಲಿ ಪಿಂಚಣಿದಾರರೇ ಹೆಚ್ಚು. ಮೂವತ್ತು ವರ್ಷ ಯಾರೂ ಮುಟ್ಟದ ಬೆಲೆಗಳನ್ನು ಏಪ್ರಿಲ್‌ನಲ್ಲಿ ಸರ್ಕಾರ ಎರಡು ಮೂರು ಪಟ್ಟು ಏರಿಸಿತು. ಅಂಗಡಿ ಮಾತ್ರ ತುಂಬಲಿಲ್ಲ.

ಆಗಸ್ಟ್‌ನಲ್ಲಿ ಗೋರ್ಬಚೇವ್ ವಿರುದ್ಧ ವಿಫಲ ದಂಗೆ, ಡಿಸೆಂಬರ್ 8ರಂದು ಬೆಲಾರೂಸ್‌ನ ಬೆಲವೆಜ್ ಕಾಡಿನ ಅತಿಥಿಗೃಹದಲ್ಲಿ ಮೂರು ಗಣರಾಜ್ಯಗಳ ನಾಯಕರ ಸಹಿ, ಡಿಸೆಂಬರ್ 25ಕ್ಕೆ ಗೋರ್ಬಚೇವ್ ರಾಜೀನಾಮೆ. ಒಕ್ಕೂಟ ಮುಗಿಯಿತು. ಹದಿನೈದು ದೇಶಗಳು ಹದಿನೈದು ದಾರಿ ಹಿಡಿದವು. ಎಸ್ಟೋನಿಯಾ 1992ರ ಜೂನ್‌ನಲ್ಲೇ ತನ್ನದೇ ನಾಣ್ಯ ತಂದು ಬೇಗ ಕಾಲೂರಿತು. ಉಕ್ರೇನಿನಲ್ಲಿ 1993ರ ಹಣದುಬ್ಬರ ಶೇಕಡ 10,000 ದಾಟಿತು. ತಾಜಿಕಿಸ್ತಾನ ಅಂತರ್ಯುದ್ಧಕ್ಕೆ ಬಿತ್ತು. ಆರ್ಮೇನಿಯಾದಲ್ಲಿ ಭೂಕಂಪದ ಬಳಿಕ ಮುಚ್ಚಿದ್ದ ಮೆತ್ಸಮೋರ್ ಅಣುಸ್ಥಾವರ 1995ರಲ್ಲಿ ಮತ್ತೆ ಶುರುವಾಗುವವರೆಗೆ ಚಳಿಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟು. ಜನ ಉದ್ಯಾನದ ಮರ ಕಡಿದು ಒಲೆ ಉರಿಸಿದರು. ಒಂದೊಂದೂ ಬೇರೆಯೇ ಕಥೆ. ಇಲ್ಲಿ ರಷ್ಯಾದ ಬೆನ್ನು ಹಿಡಿಯುತ್ತೇನೆ, ಮಿಕ್ಕವರ ರೂಬಲ್ಲೂ ಅಲ್ಲಿಂದಲೇ ಬರುತ್ತಿತ್ತು ಎಂಬ ಕಾರಣಕ್ಕೆ.

ಯೆಲ್ಟ್ಸಿನ್ ಆರ್ಥಿಕತೆಯ ಹೊಣೆ ಕೊಟ್ಟಿದ್ದು 35 ವರ್ಷದ ಯೆಗೋರ್ ಗೈದಾರ್‌ಗೆ. ಸೋವಿಯತ್ ಮಕ್ಕಳೆಲ್ಲ ಓದಿ ಬೆಳೆದ ಮಕ್ಕಳ ಸಾಹಿತಿ ಅರ್ಕಾದಿ ಗೈದಾರ್‌ನ ಮೊಮ್ಮಗ. ದುಂಡುಮುಖದ, ಮೆಲುಮಾತಿನ ಅರ್ಥಶಾಸ್ತ್ರಜ್ಞ. ಅವನ ವಾದ ನೇರವಾಗಿತ್ತು: ಖಜಾನೆಯಲ್ಲಿ ವಿದೇಶಿ ವಿನಿಮಯ ಇಲ್ಲ, ಕಣಜದಲ್ಲಿ ಧಾನ್ಯ ಇಲ್ಲ, ರೈತ ಈ ರೂಬಲ್ಲಿಗೆ ಧಾನ್ಯ ಮಾರುವುದಿಲ್ಲ, ಬೆಲೆ ಬಿಡುಗಡೆ ಮಾಡದಿದ್ದರೆ ಚಳಿಗಾಲದಲ್ಲಿ ನಗರಗಳು ಹಸಿಯುತ್ತವೆ. 1991ರ ಅಕ್ಟೋಬರ್ 28ರಂದು ಯೆಲ್ಟ್ಸಿನ್ ಜನಪ್ರತಿನಿಧಿಗಳ ಮುಂದೆ ಅದನ್ನೇ ಹೇಳಿದರು. ಸುಮಾರು ಆರು ತಿಂಗಳು ಎಲ್ಲರಿಗೂ ಕಷ್ಟ, ಆಮೇಲೆ ಬೆಲೆ ಇಳಿಯುತ್ತದೆ, 1992ರ ಶರತ್ಕಾಲದ ಹೊತ್ತಿಗೆ ಎಲ್ಲ ಹತೋಟಿಗೆ ಬರುತ್ತದೆ ಎಂದು ಮಾತು ಕೊಟ್ಟರು. ಆರು ತಿಂಗಳು ಏಳು ವರ್ಷವಾಯಿತು.

1992ರ ಜನವರಿ 2. ಬ್ರೆಡ್ಡು, ಹಾಲು, ಇಂಧನದಂಥ ಕೆಲವನ್ನು ಬಿಟ್ಟು ಮಿಕ್ಕೆಲ್ಲದರ ಬೆಲೆಯ ಮೇಲಿದ್ದ ಸರ್ಕಾರದ ಹಿಡಿತ ತೆಗೆದರು. ಆ ಒಂದೇ ತಿಂಗಳಲ್ಲಿ ಬೆಲೆಗಳು ಸರಾಸರಿ ಮೂರೂವರೆ ಪಟ್ಟಾದವು. ವರ್ಷ ಮುಗಿಯುವಾಗ 26 ಪಟ್ಟು. ಪಾಸ್‌ಬುಕ್ಕಿನಲ್ಲಿ 1,000 ರೂಬಲ್ ಇಟ್ಟಿದ್ದವಳು ವರ್ಷದ ಕೊನೆಗೆ ಅದರಲ್ಲಿ ಕೊಳ್ಳಬಹುದಾಗಿದ್ದದ್ದು ವರ್ಷದ ಮೊದಲು 40 ರೂಬಲ್ಲಿಗೂ ಸಿಗುತ್ತಿದ್ದಷ್ಟನ್ನು. ಅಂಗಡಿಗಳಲ್ಲಿ ಸರಕು ನಿಧಾನಕ್ಕೆ ಕಾಣಿಸಿಕೊಂಡಿತು, ಅದು ನಿಜ. ಕ್ಯೂಗಳು ಕರಗಿದವು, ಅದೂ ನಿಜ. ಆದರೆ ಈಗ ಜನ ಹಲಗೆ ತುಂಬಿದ ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತಿದ್ದರು.

ಈ ಉಳಿತಾಯವನ್ನು ಕೊಂದವರು ಯಾರು ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆ ದುಡ್ಡು ಮೊದಲೇ ಸತ್ತಿತ್ತು, ಹಿಂದಿನ ಸರ್ಕಾರಗಳು ಅದನ್ನು ಖರ್ಚು ಮಾಡಿ ಮುಗಿಸಿದ್ದವು, ನಾವು ಸಾವನ್ನು ಪ್ರಕಟಿಸಿದೆವಷ್ಟೆ ಎಂಬುದು ಗೈದಾರ್ ಮತ್ತು ಅವನ ಜೊತೆಗಾರರ ನಿಲುವು. ಅರ್ಥಶಾಸ್ತ್ರಜ್ಞ ಗ್ರಿಗೋರಿ ಯವ್ಲಿನ್ಸ್ಕಿಯಂಥವರು ಬೇರೆ ದಾರಿಯಿತ್ತು ಎನ್ನುತ್ತಾರೆ: ಮೊದಲು ಅಂಗಡಿ, ಲಾರಿ, ಸಣ್ಣ ಕಾರ್ಖಾನೆಗಳನ್ನು ಜನರಿಗೆ ಅವರ ಉಳಿತಾಯದ ದುಡ್ಡಿಗೇ ಮಾರಬೇಕಿತ್ತು, ಆಗ ಆ ದುಡ್ಡು ಬೆಲೆಯ ಮೇಲೆ ಬೀಳದೆ ಆಸ್ತಿಯಾಗುತ್ತಿತ್ತು. ಬೆಲೆ ಬಿಟ್ಟ ಮೇಲೂ ಕೇಂದ್ರ ಬ್ಯಾಂಕು ಕಾರ್ಖಾನೆಗಳಿಗೆ ಸಾಲ ಸುರಿಯುತ್ತಲೇ ಇತ್ತು, ಬೆಂಕಿಗೆ ಎಣ್ಣೆ ಬಿದ್ದದ್ದು ಅಲ್ಲಿ ಎನ್ನುವವರೂ ಇದ್ದಾರೆ. ಗೈದಾರ್‌ನ ಲೆಕ್ಕ ತಪ್ಪೆಂದು ನನಗನ್ನಿಸುವುದಿಲ್ಲ. ಆದರೆ ಲೆಕ್ಕ ಸರಿಯಿದ್ದರೂ ಒಂದು ಕೆಲಸ ಬಾಕಿ ಇತ್ತು. ದುಡ್ಡು ಕಳೆದುಕೊಂಡವರ ಎದುರು ನಿಂತು, ಇದು ನಿಮ್ಮ ದುಡ್ಡಾಗಿತ್ತು, ಇದನ್ನು ಹೀಗೆ ತೀರಿಸುತ್ತೇವೆ ಎಂದು ಯಾರಾದರೂ ಹೇಳಬೇಕಿತ್ತು. ಆ ಚಳಿಗಾಲದಲ್ಲಿ ಯಾರೂ ಹೇಳಲಿಲ್ಲ.

ಜನವರಿ 29ರಂದು ಇನ್ನೊಂದು ಆಜ್ಞೆ ಬಂತು: ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾರಬಹುದು. ಮಾಸ್ಕೋದ ನಡುವೆ, ಗುಪ್ತಚರ ಇಲಾಖೆಯ ಕಟ್ಟಡದ ಎದುರಿನ ‘ದೆತ್ಸ್ಕಿ ಮೀರ್’ ಮಕ್ಕಳ ಅಂಗಡಿಯ ಸುತ್ತ ಜನ ಸಾಲುಗಟ್ಟಿ ನಿಂತರು. ಒಬ್ಬರ ಕೈಯಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ, ಇನ್ನೊಬ್ಬರದು ಒಂದು ಬಾಟಲಿ ವೋಡ್ಕಾ, ಮತ್ತೊಬ್ಬರದು ಮನೆಯ ಚಹಾ ಲೋಟಗಳು. ಹಿಂದಿನ ವರ್ಷವಷ್ಟೇ ಇದಕ್ಕೆ ಕಾಳಸಂತೆ ಎಂಬ ಹೆಸರಿತ್ತು, ಜೈಲು ಶಿಕ್ಷೆಯಿತ್ತು. ಕೆಲವರು ಆ ಆಜ್ಞೆಯನ್ನು ಪತ್ರಿಕೆಯಿಂದ ಕತ್ತರಿಸಿ ಕೋಟಿಗೆ ಪಿನ್ನು ಹಾಕಿಕೊಂಡು ನಿಂತಿದ್ದರೆಂದು ಗೈದಾರ್ ಮುಂದೆ ನೆನಪಿಸಿಕೊಂಡಿದ್ದಾನೆ. ಅವನ ಪಾಲಿಗೆ ಅದು ಮಾರುಕಟ್ಟೆ ಹುಟ್ಟಿದ ಗಳಿಗೆ. ಅಲ್ಲಿ ನಿಂತಿದ್ದವರ ಪಾಲಿಗೆ ಅದು ಮನೆಯ ಸಾಮಾನು ಖಾಲಿಯಾಗುತ್ತಿದ್ದ ಗಳಿಗೆ.

ಇದರಲ್ಲೇ ಹೊಸ ದುಡಿಮೆಯೂ ಹುಟ್ಟಿತು. ನೇಯ್ಗೆಯ ಲಾಳಿಯಂತೆ ಗಡಿಯಾಚೆ ಈಚೆ ಓಡಾಡುವವರಿಗೆ ‘ಚೆಲ್ನೊಕಿ’ ಎಂದು ಹೆಸರು ಬಿತ್ತು; ಆ ಮಾತಿನ ಅರ್ಥವೂ ಲಾಳಿಯೇ. ಇವರು ದೊಡ್ಡ ಚೌಕುಳಿ ಚೀಲ ಹೊತ್ತು ಇಸ್ತಾಂಬುಲ್ಲಿನ ಲಾಲೆಲಿ ಪೇಟೆಗೆ, ಚೀನಾದ ಗಡಿ ಊರುಗಳಿಗೆ ಹೋಗಿ ಚರ್ಮದ ಜಾಕೆಟ್, ಒಳಉಡುಪು, ಆಟಿಕೆ ತಂದು ಕ್ರೀಡಾಂಗಣಗಳ ಸಂತೆಯಲ್ಲಿ ಮಾರಿದರು. ಬಹಳಷ್ಟು ಮಂದಿ ಹೆಂಗಸರು. ಶಾಲೆಯ ಮೇಷ್ಟ್ರಮ್ಮಂದಿರು, ಎಂಜಿನಿಯರುಗಳು, ಸಂಶೋಧನಾಲಯದವರು. ವಾರದ ಕೊನೆಗೆ ಊರಾಚೆಯ ಆರು ಗುಂಟೆ ಅಳತೆಯ ತುಂಡು ಭೂಮಿಯಲ್ಲಿ ಆಲೂಗಡ್ಡೆ ಅಗೆಯುತ್ತಿದ್ದರು. ದಶಕದ ಕೊನೆಯ ಹೊತ್ತಿಗೆ ದೇಶದ ಆಲೂಗಡ್ಡೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಂದದ್ದು ಇಂಥ ಮನೆತೋಟಗಳಿಂದ. ರಷ್ಯಾ ಹಸಿವಿನಿಂದ ಸಾಯದೆ ಉಳಿದದ್ದರ ಹಿಂದೆ ಮಾಸ್ಕೋದ ನೀತಿಗಿಂತ ಈ ಗುದ್ದಲಿಗಳ ಪಾಲು ದೊಡ್ಡದು.

ಆ ಕುಸಿತದ ಅದುರು ನಮ್ಮ ಮಲೆನಾಡಿಗೂ ಕೊಡಗಿಗೂ ತಟ್ಟಿತ್ತು. ರೂಪಾಯಿ ಲೆಕ್ಕದ ವ್ಯಾಪಾರದಲ್ಲಿ ಸೋವಿಯತ್ ಒಕ್ಕೂಟ ಭಾರತದ ಕಾಫಿಯ ದೊಡ್ಡ ಗಿರಾಕಿ; ಬೆಂಗಳೂರಿನ ಕಾಫಿ ಮಂಡಳಿ ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಲವದು. ಆ ಗಿರಾಕಿಯೇ ಇಲ್ಲವಾದಾಗ ಮಂಡಳಿಯ ಹಳೆಯ ವ್ಯವಸ್ಥೆಯೂ ಸಡಿಲಗೊಂಡಿತು. 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಿಕೊಳ್ಳುವಂತಾಯಿತು. ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ, ಅಗ್ಗದ ಬೆಲೆಯ, ಗಟ್ಟಿ ರಟ್ಟಿನ ಕನ್ನಡ ಪುಸ್ತಕಗಳೂ ನಿಂತುಹೋದವು. 1993ರ ಜನವರಿಯಲ್ಲಿ ದೆಹಲಿಗೆ ಬಂದ ಯೆಲ್ಟ್ಸಿನ್ ಜೊತೆ ಭಾರತ ಹಳೆಯ ರೂಬಲ್ ಸಾಲದ ಒಪ್ಪಂದ ಮಾಡಿಕೊಂಡಿತು, ಅದನ್ನು ಸರಕಿನ ರೂಪದಲ್ಲಿ ದಶಕಗಳ ಕಾಲ ತೀರಿಸುವುದೆಂದು. ಹೊರದೇಶದ ಬಾಕಿಗೆ ಲೆಕ್ಕ ಸಿಕ್ಕಿತ್ತು. ರಷ್ಯಾದ ಒಳಗಿನ ಬಾಕಿ ಹಾಗೇ ಇತ್ತು.

ಎರಡನೆಯ ಕಾಗದ ಬಂದದ್ದು 1992ರ ಅಕ್ಟೋಬರ್ 1ರಿಂದ. ಖಾಸಗೀಕರಣದ ಹೊಣೆ ಹೊತ್ತಿದ್ದ ಅನತೋಲಿ ಚುಬೈಸ್ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ದೇಶದ ಪ್ರತಿಯೊಬ್ಬರಿಗೂ ಒಂದು ವೋಚರ್ ಹಂಚಿದ. 25 ರೂಬಲ್ ಶುಲ್ಕ ಕೊಟ್ಟರೆ 10,000 ರೂಬಲ್ ಮುಖಬೆಲೆಯ ಚೀಟಿ. ಅದನ್ನು ಕಾರ್ಖಾನೆಯ ಷೇರಿಗೆ ಬದಲಿಸಿಕೊಳ್ಳಬಹುದು, ನಿಧಿಗಳಲ್ಲಿ ಹೂಡಬಹುದು, ಮಾರಲೂಬಹುದು. ಒಂದು ವೋಚರಿನ ಬೆಲೆ ಮುಂದೆ ಎರಡು ವೋಲ್ಗಾ ಕಾರಿಗೆ ಸಮವಾಗುತ್ತದೆಂದು ಚುಬೈಸ್ ಹೇಳಿದ್ದನ್ನು ರಷ್ಯನ್ನರು ಇಂದಿಗೂ ಮರೆತಿಲ್ಲ. ಹಣದುಬ್ಬರ ಓಡುತ್ತಿದ್ದ ಆ ದಿನಗಳಲ್ಲಿ ವೋಚರಿನ ಬೆಲೆ ಕೆಲವು ಬಾಟಲಿ ವೋಡ್ಕಾಕ್ಕೆ ಇಳಿಯಿತು. ನಾಳೆಯ ಷೇರಿಗಿಂತ ಇವತ್ತಿನ ಊಟ ದೊಡ್ಡದು ಎಂದವರು ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ‘ವೋಚರ್ ಕೊಳ್ಳುತ್ತೇನೆ’ ಎಂಬ ಫಲಕ ನೇತುಹಾಕಿಕೊಂಡು ನಿಂತಿದ್ದವರಿಗೆ ಮಾರಿದರು. ನಿಧಿಗಳಲ್ಲಿ ಹೂಡಿದವರು ಇನ್ನೂ ಮೋಸಹೋದರು. ನೂರಾರು ನಿಧಿಗಳು ಹುಟ್ಟಿ, ಬಹುಪಾಲು ಸದ್ದಿಲ್ಲದೆ ಮಾಯವಾದವು.

ಮಾಸ್ಕೋದ ‘ಬೊಲ್ಶೆವಿಕ್’ ಬಿಸ್ಕತ್ತು ಕಾರ್ಖಾನೆಯಿಂದ ಹರಾಜು ಶುರುವಾಯಿತು. 1994ರ ಜುಲೈ 1ಕ್ಕೆ ವೋಚರಿನ ಅವಧಿ ಮುಗಿಯುವಾಗ ಹದಿನಾಲ್ಕು ಸಾವಿರಕ್ಕೂ ಹೆಚ್ಚು ದೊಡ್ಡ ಮಧ್ಯಮ ಉದ್ಯಮಗಳು ಸರ್ಕಾರದ ಕೈಬಿಟ್ಟಿದ್ದವು. ಜಗತ್ತಿನಲ್ಲಿ ಇಷ್ಟು ದೊಡ್ಡ ಆಸ್ತಿ ಇಷ್ಟು ಬೇಗ ಕೈಬದಲಿಸಿದ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ. ಕಾಗದದ ಮೇಲೆ ಕಾರ್ಮಿಕರೇ ಬಹಳಷ್ಟು ಕಾರ್ಖಾನೆಗಳ ಒಡೆಯರು, ಅರ್ಧಕ್ಕಿಂತ ಹೆಚ್ಚು ಷೇರು ಅವರಿಗೇ ಕೊಡುವ ಅವಕಾಶವನ್ನು ಹೆಚ್ಚಿನ ಉದ್ಯಮಗಳು ಆರಿಸಿಕೊಂಡಿದ್ದವು. ನಡೆಸಿದವನು ಮಾತ್ರ ಹಳೆಯ ನಿರ್ದೇಶಕನೇ. ಸಂಬಳ ತಡೆಹಿಡಿದರೆ ಕಾರ್ಮಿಕ ತಾನಾಗಿ ಷೇರು ಮಾರುತ್ತಾನೆಂದು ಆ ನಿರ್ದೇಶಕನಿಗೆ ಗೊತ್ತಿತ್ತು.

ಆ ವೋಚರಿನ ಮೇಲೆ ಒಂದು ಕಟ್ಟಡದ ಚಿತ್ರವಿತ್ತು: ಮಾಸ್ಕೋ ನದಿಯ ದಂಡೆಯ ‘ಬಿಳಿ ಭವನ’, ಆಗಿನ ಸಂಸತ್ತು. 1991ರ ಆಗಸ್ಟ್‌ನಲ್ಲಿ ಯೆಲ್ಟ್ಸಿನ್ ಟ್ಯಾಂಕ್ ಹತ್ತಿ ನಿಂತು ದಂಗೆಕೋರರನ್ನು ಎದುರಿಸಿದ್ದು ಅದರ ಮುಂದೆಯೇ. ಎರಡು ವರ್ಷದಲ್ಲಿ ಸುಧಾರಣೆಯ ಜಗಳ ಅಧ್ಯಕ್ಷ ಮತ್ತು ಸಂಸತ್ತಿನ ಜಗಳವಾಯಿತು. 1993ರ ಅಕ್ಟೋಬರ್ 4ರಂದು ಯೆಲ್ಟ್ಸಿನ್ ಆಜ್ಞೆಯ ಮೇಲೆ ಟ್ಯಾಂಕುಗಳು ಅದೇ ಭವನಕ್ಕೆ ಗುಂಡು ಹೊಡೆದವು. ಮೇಲಿನ ಅಂತಸ್ತುಗಳು ಕಪ್ಪಾದವು. ಆ ದಿನಗಳ ಹಿಂಸೆಯಲ್ಲಿ ಸರ್ಕಾರದ ಲೆಕ್ಕದಲ್ಲೇ ಸುಮಾರು 150 ಜನ ಸತ್ತರು. ಡಿಸೆಂಬರ್‌ನಲ್ಲಿ ಅಧ್ಯಕ್ಷನ ಕೈಗೆ ಅಪಾರ ಅಧಿಕಾರ ಕೊಡುವ ಹೊಸ ಸಂವಿಧಾನ ಬಂತು. ಮುಂದಿನ ಮೂವತ್ತು ವರ್ಷಗಳ ರಷ್ಯಾ ಅದರ ನೆರಳಿನಲ್ಲಿದೆ.

1994ರಲ್ಲಿ ಇನ್ನೊಂದು ಬಗೆಯ ಕಾಗದ ಊರೂರಿಗೆ ಹಬ್ಬಿತು. ಸೆರ್ಗೇಯಿ ಮವ್ರೋದಿ ಎಂಬಾತನ ‘ಎಂಎಂಎಂ’ ಕಂಪನಿಯ ಷೇರು. ಟಿವಿ ಜಾಹೀರಾತಿನಲ್ಲಿ ಲ್ಯೋನ್ಯಾ ಗೊಲುಬ್ಕೊವ್ ಎಂಬ ಸಾಮಾನ್ಯ ಯಂತ್ರಚಾಲಕ ಷೇರು ಕೊಂಡು ಹೆಂಡತಿಗೆ ಬೂಟು, ತುಪ್ಪಳದ ಕೋಟು ತರುತ್ತಿದ್ದ. ಹಳಬರಿಗೆ ಕೊಡುತ್ತಿದ್ದದ್ದು ಹೊಸಬರ ದುಡ್ಡು. ಜುಲೈ ಕೊನೆಗೆ ಅದು ಬಿತ್ತು, ಲಕ್ಷಾಂತರ ಕುಟುಂಬಗಳು ಮುಳುಗಿದವು. ಆಗಸ್ಟ್‌ನಲ್ಲಿ ಮವ್ರೋದಿ ಜೈಲು ಸೇರಿದ, ಅಕ್ಟೋಬರ್‌ನಲ್ಲಿ ಮಾಸ್ಕೋ ಬಳಿಯ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದುಬಂದ. ಮೋಸಹೋದವರೇ ಓಟು ಹಾಕಿದ್ದರು. ಇದನ್ನು ಅವರ ದಡ್ಡತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಿಮ್ಮ ದುಡ್ಡು ವಾಪಸು ಕೊಡುತ್ತೇನೆ ಎಂದು ಆ ಹೊತ್ತಿಗೆ ಹೇಳುತ್ತಿದ್ದವನು ಅವನೊಬ್ಬನೇ.

ಸಾಮಾನ್ಯರ ವೋಚರು ವೋಡ್ಕಾದ ಬೆಲೆಗೆ ಹೋದ ದೇಶದಲ್ಲಿ ನಿಜವಾದ ಸಂಪತ್ತು ಹೇಗೆ ಕೈಬದಲಿಸಿತು? 1995ರಲ್ಲಿ ಬ್ಯಾಂಕರ್ ವ್ಲಾದಿಮಿರ್ ಪೊತಾನಿನ್ ಸಚಿವ ಸಂಪುಟದ ಮುಂದೆ ಒಂದು ಯೋಜನೆ ಇಟ್ಟ: ಸರ್ಕಾರಕ್ಕೆ ದುಡ್ಡು ಬೇಕು, ಬ್ಯಾಂಕುಗಳು ಸಾಲ ಕೊಡುತ್ತವೆ, ಅಡವಾಗಿ ದೊಡ್ಡ ಕಂಪನಿಗಳ ಷೇರು ಇಡಿ. ಸರ್ಕಾರ ಸಾಲ ತೀರಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನವೆಂಬರ್‌ನಲ್ಲಿ ಜಗತ್ತಿನ ಅತಿದೊಡ್ಡ ನಿಕ್ಕಲ್ ಉತ್ಪಾದಕ ನೊರಿಲ್ಸ್ಕ್‌ನ ಶೇಕಡ 38 ಷೇರು ಸುಮಾರು 17 ಕೋಟಿ ಡಾಲರಿಗೆ ಪೊತಾನಿನ್ ಬ್ಯಾಂಕಿನ ಪಾಲಾಯಿತು. ಹರಾಜು ನಡೆಸಿದ್ದೂ ಅದೇ ಬ್ಯಾಂಕು. ಅದರ ಎರಡರಷ್ಟು ಕೊಡಲು ಬಂದವರ ಅರ್ಜಿಯನ್ನು ನಿಯಮದ ನೆಪ ಹೇಳಿ ತಳ್ಳಿಹಾಕಿದರು. ಯೂಕೊಸ್ ತೈಲ ಕಂಪನಿ ಮಿಖಾಯಿಲ್ ಖದರ್ಕೋವ್ಸ್ಕಿ ಬಳಗಕ್ಕೆ, ಇನ್ನೊಂದು ತೈಲ ಕಂಪನಿ ಸಿಬ್ನೆಫ್ತ್ ಉದ್ಯಮಿಗಳಾದ ಬೆರೆಜೋವ್ಸ್ಕಿ ಮತ್ತು ಅಬ್ರಮೋವಿಚ್‌ಗೆ. 1996ರ ಚುನಾವಣೆಯಲ್ಲಿ ಕಮ್ಯುನಿಸ್ಟ್ ನಾಯಕ ಗೆನ್ನಾದಿ ಝ್ಯುಗಾನೊವ್ ಗೆಲ್ಲುವ ಹಾಗೆ ಕಂಡಾಗ ಇದೇ ಉದ್ಯಮಪತಿಗಳ ದುಡ್ಡು ಮತ್ತು ಟಿವಿ ವಾಹಿನಿಗಳು ಯೆಲ್ಟ್ಸಿನ್ ಬೆನ್ನಿಗೆ ಬಂದವು. ಎರಡು ಸುತ್ತುಗಳ ನಡುವೆ ಯೆಲ್ಟ್ಸಿನ್‌ಗೆ ಹೃದಯಾಘಾತವಾದದ್ದನ್ನು ಮತದಾರರಿಂದ ಮುಚ್ಚಿಟ್ಟರು. ಜುಲೈ 3ರಂದು ಅವರು ಗೆದ್ದರು.

ಗೆದ್ದ ಸರ್ಕಾರದ ಬಳಿ ಸಂಬಳ ಕೊಡಲು ದುಡ್ಡಿರಲಿಲ್ಲ. ಹಣದುಬ್ಬರ ತಗ್ಗಿಸಬೇಕೆಂದು ನೋಟು ಮುದ್ರಣ ಬಿಗಿಮಾಡಿದ್ದರು, ತೆರಿಗೆ ವಸೂಲಾಗುತ್ತಿರಲಿಲ್ಲ. ಶಿಕ್ಷಕರಿಗೆ, ದಾದಿಯರಿಗೆ, ಸೈನಿಕರಿಗೆ, ಗಣಿಯವರಿಗೆ ಮೂರು ತಿಂಗಳು, ಆರು ತಿಂಗಳು ಬಾಕಿ. ಸಂಬಳದ ಬದಲು ಕಾರ್ಖಾನೆಗಳು ತಮ್ಮ ಸರಕನ್ನೇ ಕೊಟ್ಟವು. ಗೂಸ್ ಖ್ರುಸ್ತಾಲ್ನಿ ಎಂಬ ಗಾಜಿನೂರಿನಲ್ಲಿ ಕಾರ್ಮಿಕರು ಸಂಬಳವಾಗಿ ಬಂದ ಸ್ಫಟಿಕದ ಹೂದಾನಿಗಳನ್ನು ರಸ್ತೆಬದಿಯಲ್ಲಿ ಜೋಡಿಸಿಟ್ಟು ಲಾರಿ ಚಾಲಕರಿಗೆ ಮಾರಿದರು. ದಶಕದ ಕೊನೆಯ ಹೊತ್ತಿಗೆ ಉದ್ಯಮಗಳ ನಡುವಣ ವ್ಯಾಪಾರದಲ್ಲಿ ಸುಮಾರು ಅರ್ಧ ಬರೀ ಸರಕಿಗೆ ಸರಕು. ಜನ ಕೆಲಸ ಬಿಡಲೂ ಆಗದಿರುವುದಕ್ಕೆ ಒಂದು ಕಾರಣವಿತ್ತು. ಸೋವಿಯತ್ ಕಾರ್ಖಾನೆ ಬರೀ ಕೆಲಸದ ಜಾಗವಲ್ಲ. ಮನೆ, ಶಿಶುವಿಹಾರ, ಆಸ್ಪತ್ರೆ, ಮನೆಗೆ ಬರುವ ಬಿಸಿನೀರಿನ ಕೊಳವೆ ಎಲ್ಲ ಅದರದ್ದೇ. ಒಂದೇ ಕಾರ್ಖಾನೆಯ ಸುತ್ತ ಕಟ್ಟಿದ ನೂರಾರು ಊರುಗಳಲ್ಲಿ ಕಾರ್ಖಾನೆ ನಿಂತರೆ ಊರೇ ತಣ್ಣಗಾಗುತ್ತಿತ್ತು.

ಗಂಡಸರು ಸಾಯತೊಡಗಿದರು. 1987ರ ಸುಮಾರಿಗೆ ರಷ್ಯನ್ ಗಂಡಸಿನ ಸರಾಸರಿ ಆಯುಸ್ಸು 65 ವರ್ಷದ ಹತ್ತಿರವಿತ್ತು. 1994ರಲ್ಲಿ 58ಕ್ಕಿಂತ ಕೆಳಗಿಳಿಯಿತು. ಹೆಂಗಸರದು 74ರಿಂದ 71ಕ್ಕೆ. ಯುದ್ಧವಿಲ್ಲದ, ಬರವಿಲ್ಲದ ಒಂದು ಕೈಗಾರಿಕಾ ದೇಶದಲ್ಲಿ ಏಳು ವರ್ಷದ ಆಯುಸ್ಸು ಏಳು ವರ್ಷದಲ್ಲಿ ಹೋಯಿತು. ಹೆಚ್ಚುವರಿಯಾಗಿ ಸತ್ತವರಲ್ಲಿ ಮಕ್ಕಳು, ಮುದುಕರು ಹೆಚ್ಚಲ್ಲ. ದುಡಿಯುವ ವಯಸ್ಸಿನವರು, ಹೃದಯಾಘಾತ, ಕುಡಿತ, ಕಳ್ಳಭಟ್ಟಿಯ ವಿಷ, ಕೊಲೆ, ಆತ್ಮಹತ್ಯೆ. 2009ರಲ್ಲಿ ಡೇವಿಡ್ ಸ್ಟಕ್ಲರ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಖಾಸಗೀಕರಣದ ವೇಗಕ್ಕೂ ಸಾವುಗಳಿಗೂ ನಂಟು ಕಟ್ಟಿದರು. ಆ ಅಂಕಿಅಂಶಗಳ ಲೆಕ್ಕಾಚಾರ ನಿಲ್ಲುವುದಿಲ್ಲ ಎಂದು ಬೇರೆಯವರು ತಕರಾರು ತೆಗೆದರು. ಗೋರ್ಬಚೇವ್‌ನ ಮದ್ಯವಿರೋಧಿ ಆಂದೋಲನ ಮುಂದೂಡಿದ್ದ ಸಾವುಗಳೇ ಈಗ ಒಟ್ಟಿಗೆ ಬಂದವು ಎಂಬ ವಾದವೂ ಇದೆ. ಉತ್ಪಾದನೆ ಸುಮಾರು ಶೇಕಡ 40 ಕುಸಿಯಿತೆಂಬ ಲೆಕ್ಕವನ್ನೂ ವಿದ್ವಾಂಸರಾದ ಆಂದ್ರೇ ಶ್ಲೈಫರ್, ಡೇನಿಯಲ್ ಟ್ರೀಸ್ಮನ್ ಪ್ರಶ್ನಿಸಿದ್ದಾರೆ: ಸೋವಿಯತ್ ಅಂಕಿಗಳೇ ಉಬ್ಬಿದ್ದವು, ಯಾರಿಗೂ ಬೇಡದ ಟ್ಯಾಂಕು ಕ್ಷಿಪಣಿ ಕಡಿಮೆಯಾದದ್ದನ್ನು ನಷ್ಟವೆನ್ನಲಾಗದು ಎಂದು. ಅದನ್ನು ಒಪ್ಪಬಹುದು. ಆದರೆ ಸಾವಿನ ಲೆಕ್ಕವನ್ನು ಯಾರೂ ಉಬ್ಬಿಸಿರಲಿಲ್ಲ. ನಲವತ್ತೈದು ವರ್ಷದ ಗಂಡಸು ಕೆಲಸವಿದ್ದೂ ಸಂಬಳವಿಲ್ಲದೆ, ತಾನು ಯಾತಕ್ಕೂ ಬೇಡವಾದೆ ಎಂದು ಕುಡಿದು ಸತ್ತದ್ದಕ್ಕೆ ಒಂದೇ ಕಾರಣ ಹುಡುಕಬೇಕಿಲ್ಲ.

1998ರ ಮೇ ತಿಂಗಳಲ್ಲಿ ಕುಜ್ಬಾಸ್‌ನ ಗಣಿಕಾರ್ಮಿಕರು ಮತ್ತೆ ಎದ್ದರು. ಅಂಝೆರೊ ಸುಜೆನ್ಸ್ಕ್ ಪಟ್ಟಣದಲ್ಲಿ ಟ್ರಾನ್ಸ್ ಸೈಬೀರಿಯನ್ ರೈಲುಹಳಿಯ ಮೇಲೆಯೇ ಕುಳಿತರು. ದೇಶ ಪೂರ್ವ ಪಶ್ಚಿಮವಾಗಿ ಎರಡು ತುಂಡಾಯಿತು. ಪತ್ರಿಕೆಗಳು ಇದನ್ನು ‘ರೈಲುಹಳಿ ಯುದ್ಧ’ ಎಂದವು. ಜೂನ್‌ನಲ್ಲಿ ವೊರ್ಕುತಾದ ಗಣಿಯವರು ಮಾಸ್ಕೋಗೆ ಬಂದು ಬಿಳಿ ಭವನದ ಪಕ್ಕದ ಗೂನುಸೇತುವೆಯ ಮೇಲೆ ಬೀಡುಬಿಟ್ಟರು. ಭವನ ಈಗ ಸರ್ಕಾರದ ಕಚೇರಿ, ಗೋಡೆಗೆ ಹೊಸ ಸುಣ್ಣ. ಬಿಸಿಲಿನಲ್ಲಿ ಕುಳಿತು ತಲೆಯ ಹೆಲ್ಮೆಟ್ಟನ್ನು ಕಲ್ಲುಹಾಸಿಗೆ ಕುಟ್ಟಿದರು, ದಿನಗಟ್ಟಲೆ, ತಿಂಗಳುಗಟ್ಟಲೆ. ಒಂಬತ್ತು ವರ್ಷದ ಹಿಂದೆ ಸೋಪು ಕೇಳಿದವರು ಈಗ ಅಂಗಡಿಯಲ್ಲಿ ಎಲ್ಲ ಬಗೆಯ ಸೋಪೂ ಇದ್ದ ಕಾಲದಲ್ಲಿ ಸಂಬಳ ಕೇಳುತ್ತಿದ್ದರು. ತಾವೇ ಏರಿಸಿ ಕೂರಿಸಿದ ಯೆಲ್ಟ್ಸಿನ್ ಇಳಿಯಬೇಕೆಂದು ಕೇಳುತ್ತಿದ್ದರು.

ಒಳಗೆ ಇನ್ನೊಬ್ಬ 35 ವರ್ಷದ ತರುಣ, ಪ್ರಧಾನಿ ಸೆರ್ಗೇಯಿ ಕಿರಿಯೆಂಕೊ, ಮೂರನೆಯ ಕಾಗದದ ಜೊತೆ ಗುದ್ದಾಡುತ್ತಿದ್ದ. ಸರ್ಕಾರ ಅಲ್ಪಾವಧಿಯ ಸಾಲಪತ್ರ ಮಾರಿ ಖರ್ಚು ತೂಗಿಸುತ್ತಿತ್ತು; ಹಳೆಯದನ್ನು ತೀರಿಸಲು ಹೊಸದು. ಏಷ್ಯಾದ ಹಣಕಾಸು ಬಿಕ್ಕಟ್ಟು ಬಂತು, ತೈಲದ ಬೆಲೆ ಮತ್ತೆ ಬಿತ್ತು, ಬಡ್ಡಿ ಶೇಕಡ 100 ದಾಟಿತು. ಜುಲೈನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತಿತರರು 2,260 ಕೋಟಿ ಡಾಲರ್ ನೆರವು ಘೋಷಿಸಿದರು. ಬಂದ ಮೊದಲ ಕಂತು ಕೆಲವೇ ವಾರದಲ್ಲಿ ಕರಗಿತು. ಆಗಸ್ಟ್ 14ರಂದು ನೊವ್ಗೊರೊದ್‌ನಲ್ಲಿ ಯೆಲ್ಟ್ಸಿನ್, ರೂಬಲ್ಲಿನ ಅಪಮೌಲ್ಯ ಆಗುವುದಿಲ್ಲ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ ಎಂದರು. 17ರ ಸೋಮವಾರ ಅಪಮೌಲ್ಯವೂ ಆಯಿತು, ಸಾಲಪತ್ರಗಳ ಪಾವತಿಯೂ ನಿಂತಿತು. ಡಾಲರಿಗೆ 6 ರೂಬಲ್ ಚಿಲ್ಲರೆ ಇದ್ದದ್ದು ವರ್ಷದ ಕೊನೆಗೆ 20 ದಾಟಿತು. ಆರು ವರ್ಷದಲ್ಲಿ ಮತ್ತೆ ಕಷ್ಟಪಟ್ಟು ನಾಲ್ಕು ಕಾಸು ಕೂಡಿಸಿ ಖಾಸಗಿ ಬ್ಯಾಂಕುಗಳಲ್ಲಿ ಇಟ್ಟಿದ್ದವರು ಎರಡನೇ ಸಲ ಮುಚ್ಚಿದ ಬಾಗಿಲಿನ ಮುಂದೆ ನಿಂತರು.

ಯಾರೂ ಎಣಿಸದ ಹಾಗೆ ಏಳಿಗೆ ಶುರುವಾದದ್ದು ಆ ಕುಸಿತದಿಂದಲೇ. ಹೊರಗಿನ ಸರಕು ದುಬಾರಿಯಾಗಿ ಊರಿನ ಕಾರ್ಖಾನೆಗಳಿಗೆ ಗಿರಾಕಿಗಳು ಬಂದರು, 1999ರಿಂದ ತೈಲದ ಬೆಲೆ ಏರಿತು. ಯೆಲ್ಟ್ಸಿನ್ 1999ರ ಡಿಸೆಂಬರ್ 31ರಂದು ಜನರ ಕ್ಷಮೆ ಕೇಳಿ ಇಳಿದರು. ಬಂದ ವ್ಲಾದಿಮಿರ್ ಪುಟಿನ್ ಕಾಲದಲ್ಲಿ ಸಂಬಳ, ಪಿಂಚಣಿ ತಿಂಗಳು ತಿಂಗಳು ಸಿಗತೊಡಗಿತು. ಹೊರಗಿನವರು ಅವನ ಜನಪ್ರಿಯತೆಗೆ ಬೇರೆ ಬೇರೆ ಕಾರಣ ಕೊಡುತ್ತಾರೆ. ಆರು ತಿಂಗಳು ಸಂಬಳ ಕಾಣದವನಿಗೆ ಈ ಒಂದೇ ಕಾರಣ ಸಾಕಾಗಿತ್ತು. ಅದಕ್ಕೆ ಕೊಟ್ಟ ಬೆಲೆ ಏನೆಂಬುದು ಕಾಣಿಸಲು ಹೊತ್ತು ಬೇಕಾಯಿತು.

ಒಂದು ದೃಶ್ಯದಲ್ಲಿ ಅದು ಕಾಣುತ್ತದೆ. ಪೀಟರ್ಸ್‌ಬರ್ಗ್‌ನ ಪೂರ್ವಕ್ಕೆ ಪಿಕಲ್ಯೋವೊ ಎಂಬ ಸುಮಾರು ಇಪ್ಪತ್ತು ಸಾವಿರ ಜನರ ಊರಿದೆ. ಸೋವಿಯತ್ ಕಾಲದಲ್ಲಿ ಅಲ್ಲಿದ್ದದ್ದು ಒಂದೇ ದೊಡ್ಡ ಕಾರ್ಖಾನೆ; ಒಂದು ವಿಭಾಗದ ತ್ಯಾಜ್ಯ ಇನ್ನೊಂದಕ್ಕೆ ಕಚ್ಚಾವಸ್ತು. ಖಾಸಗೀಕರಣದ ಮೇಲೆ ಅದು ಮೂರು ಒಡೆಯರ ಮೂರು ಕಂಪನಿಯಾಯಿತು. ಬೆಲೆಯ ಜಗಳದಲ್ಲಿ ಮೂರೂ ನಿಂತವು, ಸಂಬಳ ನಿಂತಿತು, ಊರಿಗೆ ಬಿಸಿನೀರೂ ನಿಂತಿತು. 2009ರ ಜೂನ್ 2ರಂದು ಜನ ಹೆದ್ದಾರಿ ತಡೆದರು. ಎರಡು ದಿನದಲ್ಲಿ ಪುಟಿನ್ ಬಂದಿಳಿದ. ಟಿವಿ ಕ್ಯಾಮರಾಗಳ ಮುಂದೆ ಉದ್ಯಮಪತಿ ಒಲೆಗ್ ದೆರಿಪಾಸ್ಕಾನನ್ನು ಕರೆಸಿ, ಒಪ್ಪಂದದ ಕಾಗದ ಮುಂದಿಟ್ಟು, ಪೆನ್ನು ಎಸೆದ. ಸಹಿಯಾಯಿತು. ಪೆನ್ನು ವಾಪಸು ಕೊಡು ಎಂದ. ಬಾಕಿ ಸಂಬಳ ಅದೇ ದಿನ ಬ್ಯಾಂಕಿಗೆ ಬಂತು. ಆ ಊರಿನವರಿಗೆ ನ್ಯಾಯ ಸಿಕ್ಕಿದ್ದು ಕೋರ್ಟಿನಿಂದಲ್ಲ, ಕಾರ್ಮಿಕ ಸಂಘದಿಂದಲ್ಲ, ಕಾನೂನಿನಿಂದಲೂ ಅಲ್ಲ, ಒಬ್ಬನ ಪೆನ್ನಿನಿಂದ. ಇದ್ದಬದ್ದ ಕಾಗದಗಳನ್ನೆಲ್ಲ ನಂಬಿ ಕೆಟ್ಟವರು ಆ ಪೆನ್ನನ್ನು ನಂಬಿದರೆ ಯಾರನ್ನು ಬೈಯಬೇಕು?

ಪಾಸ್‌ಬುಕ್ಕಿನ ಕಥೆ ಮುಗಿಸಬೇಕು. 1995ರ ಮೇ 10ರಂದು ರಷ್ಯಾ ಒಂದು ಕಾನೂನು ಮಾಡಿತು: 1991ರ ಜೂನ್ 20ರಂದು ಉಳಿತಾಯ ಬ್ಯಾಂಕಿನಲ್ಲಿದ್ದ ಜನರ ಹಣ ಸರ್ಕಾರದ ಆಂತರಿಕ ಸಾಲ, ಅದರ ಕೊಳ್ಳುವ ಶಕ್ತಿಯನ್ನು ಪೂರ್ತಿ ಮರಳಿಸಲಾಗುವುದು. ಕಾನೂನು ಇಂದಿಗೂ ರದ್ದಾಗಿಲ್ಲ. ಪೂರ್ತಿ ಮರಳಿಸುವ ಕಲಮುಗಳ ಜಾರಿಯನ್ನು ಮಾತ್ರ ಸಂಸತ್ತು ವರ್ಷ ವರ್ಷ ಮುಂದಕ್ಕೆ ಹಾಕುತ್ತ ಬಂದಿದೆ. ಸಿಗುವುದು ಭಾಗಶಃ ಪರಿಹಾರ: 1945ರವರೆಗೆ ಹುಟ್ಟಿದವರಿಗೆ ಅಂದು ಖಾತೆಯಲ್ಲಿದ್ದ ಮೊತ್ತದ ಮೂರು ಪಟ್ಟು, ಆಮೇಲೆ ಹುಟ್ಟಿದವರಿಗೆ ಎರಡು ಪಟ್ಟು, ಬೆಲೆಗಳು ಎಷ್ಟೋ ಪಟ್ಟು ಏರಿದ ಮೇಲಿನ ರೂಬಲ್ಲಿನಲ್ಲಿ. ಜೊತೆಗೆ ಇನ್ನೊಂದು ನಿಯಮವಿದೆ. ಹಳೆಯ ಖಾತೆದಾರ ತೀರಿಕೊಂಡರೆ ವಾರಸುದಾರರು ಮರಣಪತ್ರ ಮತ್ತು ಆ ಹಳೆಯ ಪಾಸ್‌ಬುಕ್ಕನ್ನು ಬ್ಯಾಂಕಿಗೆ ಒಯ್ದು ಕೊಡಬಹುದು. ಶವಸಂಸ್ಕಾರದ ಖರ್ಚಿಗೆಂದು ಸರ್ಕಾರ ಹೆಚ್ಚೆಂದರೆ 6,000 ರೂಬಲ್ ಕೊಡುತ್ತದೆ.